ಸೂರಿನ ಕೆಳಗೆ ಕಪ್ಪು ಬಳಿಯುವ ಮುಂಚೆ

ತಂಗಿ, ಮೂಡಿಗೆರೆ ಕಡೆಯ ಮುತ್ತಜ್ಜನ ಮನೆ ಎಂದು ನೀವು ಹಾಕಿರುವ ಅಕ್ರಿಲಿಕ್ ಚಿತ್ರ ನೋಡಿದೆ. ಜಗಲಿಯ ನೆರಳು ತೂತು ಬಿದ್ದಂತೆ ಕಾಣುತ್ತಿದೆ, ಇನ್ನೊಂದು ಸಲ ಕಪ್ಪು ಹಾಕಲೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ನಾಲ್ಕು ಜನ "ಹಾಕಿ, ಆಳ ಬರುತ್ತದೆ" ಎಂದು ಬರೆದಿರುವುದನ್ನು ಕಂಡೇ ಇಷ್ಟುದ್ದ ಬರೆಯಲು ಕುಳಿತೆ.

ಇದೇ ತಪ್ಪನ್ನು ಸಕಲೇಶಪುರದ ನಮ್ಮ ಹಳೆಯ ಮನೆಯ ಚಿತ್ರದಲ್ಲಿ ನಾನೂ ಮಾಡಿದ್ದೆ. ನಾನು ಚಿತ್ರಕಲೆ ಓದಿದವನಲ್ಲ. ಮೊಬೈಲ್ ಫೋಟೋದಲ್ಲಿ ಸೂರಿನ ಕೆಳಗೆ ಕಪ್ಪಿತ್ತು, ಟ್ಯೂಬಿನ ಕಪ್ಪನ್ನೇ ಮೆತ್ತಿದೆ. ಹಳೆಯ ಕಾಲದ್ದಾಗಿ ಕಾಣಲಿ ಎಂದು ಇಡೀ ಚಿತ್ರದ ಮೇಲೆ ತೆಳುವಾಗಿ ಕಂದು ಬಣ್ಣವನ್ನೂ ಓಡಿಸಿದೆ. ಹದಿನೈದು ದಿನದ ಕೆಲಸ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಯಾರ ಮನೆಯೋ ಇದು? ಬೀಗ ಹಾಕಿ ಎಷ್ಟು ವರ್ಷವಾಯಿತು?" ಎಂದರು. ಐವತ್ತು ವರ್ಷ ಅಡಿಕೆ ಸುಲಿದ ಜಗಲಿಯ ಗುರುತು ಅವರಿಗೇ ಸಿಗಲಿಲ್ಲ.

ಆ ಜನವರಿಯಲ್ಲಿ ಅಂಗಳದಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತೆ. ಕಾಫಿ ಹಣ್ಣು ಒಣಹಾಕಿದ್ದರು. ಮಧ್ಯಾಹ್ನದ ಬಿಸಿಲು ಅದರ ಮೇಲೆ ಬಿದ್ದು, ಅಲ್ಲಿಂದ ಪುಟಿದು ಸೂರಿನ ಒಳಮೈಗೆ ಹೊಡೆಯುತ್ತಿತ್ತು. ಹೆಂಚು ಹೊರುವ ಮರದ ಪಕಾಸಿ, ರೀಪು ಎಲ್ಲ ಕಿತ್ತಳೆ ಬಣ್ಣ. ಜಗಲಿಯ ನೆಲದ ಅಂಚಿನಲ್ಲಿ ಆಕಾಶದ ನೀಲಿ. ನಿಜವಾದ ಕಪ್ಪು ಇದ್ದದ್ದು ಬಾಗಿಲ ಸಂದಿಯಲ್ಲಿ, ಒಂದು ಗೆರೆಯಷ್ಟು.

ಅಂದಿನಿಂದ ನನ್ನ ಕ್ರಮ ಇದು. ಜಗಲಿಗೆ ಮೊದಲು ಬರ್ನ್ಟ್ ಸಿಯೆನ್ನಾ, ಅಂದರೆ ಕೆಂಗಂದು ಬಣ್ಣ, ತೆಳುವಾಗಿ. ಒಣಗಿದ ಮೇಲೆ ಅದಕ್ಕೇ ಅಲ್ಟ್ರಾಮರೀನ್ ನೀಲಿ ಬೆರೆಸಿ ನೆರಳು: ಪಕಾಸಿಯ ಕಡೆ ಸಿಯೆನ್ನಾ ಹೆಚ್ಚು, ನೆಲದ ಕಡೆ ನೀಲಿ ಹೆಚ್ಚು. ಬೇಕಾದುದಕ್ಕಿಂತ ಸ್ವಲ್ಪ ತಿಳಿಯಾಗಿಯೇ ಇಡಿ. ಅಕ್ರಿಲಿಕ್‌ನಲ್ಲಿರುವ ಅಂಟು ಹಸಿಯಿದ್ದಾಗ ಹಾಲಿನಂತಿರುತ್ತದೆ. ಒಣಗಿ ಪಾರದರ್ಶಕವಾದಾಗ ಬಣ್ಣ ಗಾಢವಾಗುತ್ತದೆ. ಜಲವರ್ಣದಲ್ಲಿ ಇದು ತಿರುವುಮುರುವು, ಒಣಗಿದರೆ ಬಣ್ಣ ತಿಳಿಯಾಗುತ್ತದೆ. ಮಳೆಗಾಲದ ಚಿತ್ರಕ್ಕೆ ಈ ಕಿತ್ತಳೆ ನಡೆಯುವುದಿಲ್ಲ. ಆಷಾಢದಲ್ಲಿ ಅಂಗಳವೇ ಪಾಚಿ, ಸೂರಿಗೆ ಬರುವುದೂ ಮಂಕು ಹಸಿರೇ. ನೀವು ಈಗಾಗಲೇ ಹಾಕಿರುವ ಕಪ್ಪನ್ನು ಬಿಳಿ ಬೆರೆಸಿ ತಿಳಿಮಾಡಲು ಹೋಗಬೇಡಿ, ಬೂದಿ ಬಳಿದಂತಾಗುತ್ತದೆ. ಇಂಡಿಯನ್ ರೆಡ್ ಎಂಬ ಮಣ್ಣುಗೆಂಪನ್ನು ದಪ್ಪಗೆ ಹಚ್ಚಿ ಮುಚ್ಚಿ, ಒಣಗಿಸಿ, ಮತ್ತೆ ಶುರುಮಾಡಿ.

ಇದಕ್ಕೆ ವಿನ್ಸರ್ ಅಂಡ್ ನ್ಯೂಟನ್‌ನಂಥ ವಿದೇಶಿ ಕಂಪನಿಯ ಬಣ್ಣವೇ ಬೇಕು ಎಂದವರ ಮಾತು ಕೇಳಬೇಡಿ. ಈ ಎರಡು ಬಣ್ಣಕ್ಕೆ ಕ್ಯಾಮೆಲ್ ಸಾಕು. ದುಡ್ಡಿದ್ದರೆ ಒಳ್ಳೆಯ ಕುಂಚಕ್ಕೆ ಹಾಕಿ. ಫೋಟೋ ತೆಗೆಯುವಾಗ ಮೊಬೈಲ್ ಪರದೆಯಲ್ಲಿ ಜಗಲಿಯನ್ನು ಮುಟ್ಟಿ ಇನ್ನೊಂದು ತೆಗೆಯಿರಿ. ಆಕಾಶ ಬಿಳುಚಿಕೊಂಡರೂ ಸೂರಿನ ಒಳಗಿರುವುದೆಲ್ಲ ಕಾಣುತ್ತದೆ.

ಹೆಂಚನ್ನು ಒಂದೊಂದಾಗಿ ಎಣಿಸಿ ಬರೆದಿದ್ದೀರಿ, ಪಾಪ. ಕೆಳಗಿನ ಸಾಲು, ಮೂಲೆ, ಒಡೆದು ಬದಲಾಯಿಸಿದ ನಾಲ್ಕಾರು ಹೊಸ ಕೆಂಪು ಹೆಂಚು, ಇಷ್ಟು ಬಿಡಿಸಿದರೆ ಉಳಿದದ್ದನ್ನು ನೋಡುವವರ ಕಣ್ಣೇ ಹೊದಿಸಿಕೊಳ್ಳುತ್ತದೆ. ಅಂದ ಹಾಗೆ, ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ನಿಮ್ಮ ಮನೆ ಅದಕ್ಕಿಂತ ಹಳೆಯದಾದರೆ ಮೊದಲು ಕೈಯಲ್ಲಿ ಮಾಡಿದ ನಾಡಹೆಂಚೋ ಹುಲ್ಲೋ ಇದ್ದಿರಬೇಕು, ಹಿರಿಯರನ್ನು ಕೇಳಿ. ನಾಡಹೆಂಚಿನ ಸಾಲು ಮಂಗಳೂರು ಹೆಂಚಿನಷ್ಟು ನೆಟ್ಟಗಿರುವುದಿಲ್ಲ.

ಇನ್ನು ಆ ತೆಂಗಿನ ಸಾಲು! ಅರಸೀಕೆರೆಯ ತೋಟವನ್ನು ಕಿತ್ತು ತಂದು ಮೂಡಿಗೆರೆಯಲ್ಲಿ ನೆಟ್ಟಿದ್ದೀರಿ. ಹಿಂದೆ ಅಡಿಕೆ ಬರಲಿ. ಅದಕ್ಕೂ ಸ್ಯಾಪ್ ಗ್ರೀನನ್ನು ಟ್ಯೂಬಿನಿಂದ ನೇರವಾಗಿ ಹಿಂಡಬೇಡಿ, ಸಿಯೆನ್ನಾ ಒಂದು ಚೂರು ಸೇರಿಸಿ.

ಮುಗಿದ ಚಿತ್ರವನ್ನು ಮಳೆಗಾಲದಲ್ಲಿ ಗೋಡೆಗೆ ಒತ್ತಿ ತೂಗುಹಾಕಬೇಡಿ, ಹಿಂದೆ ಬೂಷ್ಟು ಹಿಡಿಯುತ್ತದೆ. ಚೌಕಟ್ಟಿನ ಹಿಂಬದಿಯ ಮೂಲೆಗಳಿಗೆ ಬಿರಡೆ ಅಂಟಿಸಿದರೆ ಗಾಳಿಯಾಡುತ್ತದೆ. ಬಿಸಿಗೆ ಒಣಗಿರಲಿ ಎಂದು ನಾನು ಒಂದನ್ನು ಬಚ್ಚಲ ಒಲೆಯ ಮೇಲೆ ತೂಗುಹಾಕಿದ್ದೆ. ಶ್ರಾವಣ ಬರುವಷ್ಟರಲ್ಲಿ, ನಾನು ಕೈಬಿಟ್ಟಿದ್ದ ಕಪ್ಪನ್ನೆಲ್ಲ ಹೊಗೆಯೇ ಬಳಿದು ಮುಗಿಸಿತ್ತು.