ಕ್ಯಾಲಿಫೋರ್ನಿಯಾ ಮತಪತ್ರದ ತೆರಿಗೆ ಪ್ರಶ್ನೆ: ವಾಪಸ್ ಬಂದದ್ದೇಕೆ?
ಹೊಸ ತೆರಿಗೆ ಬೇಕೇ ಎಂದು ಮತದಾರರನ್ನು ಕೇಳುವ ಪ್ರಶ್ನೆಯ ನಿಮ್ಮ ಕರಡನ್ನು ನಗರದ ವಕೀಲರು ವಾಪಸ್ ಕಳಿಸಿದ್ದೇಕೆ ಎಂದು ಕೇಳಿದ್ದೀರಿ. ಅದರಲ್ಲಿ "ಸುರಕ್ಷಿತ ಬೀದಿಗಳಿಗಾಗಿ ಕೇವಲ ಅರ್ಧ ಸೆಂಟ್" ಎಂದು ಬರೆದಿದ್ದೀರಲ್ಲ, ಬಹುಶಃ ಅದಕ್ಕೇ. ರಾಜ್ಯದ ಚುನಾವಣಾ ಸಂಹಿತೆಯ ಸೆಕ್ಷನ್ 13119ರ ಪ್ರಕಾರ ಪ್ರಶ್ನೆಯಲ್ಲಿ ಯಾವ ಪರವೂ ವಕಾಲತ್ತು ಮಾಡುವಂತಿಲ್ಲ.

ಮೊದಲು "ಕೇವಲ" ಕಿತ್ತುಹಾಕಿ. ಆಮೇಲೆ ತೆರಿಗೆಯ ದರ, ಅವಧಿ, ವರ್ಷಕ್ಕೆ ಬರುವ ಮೊತ್ತ ಮೂರನ್ನೂ ಸೇರಿಸಿ. ಕೊನೆಯ ದಿನಾಂಕ ಇಲ್ಲದ ತೆರಿಗೆಯಾದರೆ "ಮತದಾರರು ರದ್ದುಮಾಡುವವರೆಗೆ" ಎಂದೇ ಹಾಕಿ. ಇದನ್ನು ಮರೆಮಾಚಿದರೆ ಕೋರ್ಟಿಗೆ ಹೋಗುವವರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ವಾಕ್ಯ "ಈ ಪ್ರಸ್ತಾವವನ್ನು ಅಂಗೀಕರಿಸಬೇಕೇ?" ಎಂಬ ಧಾಟಿಯಲ್ಲೇ ಇರಲಿ.

ನಂತರ ಪ್ರಶ್ನೆಯ ಇಂಗ್ಲಿಷ್ ಪದ ಎಣಿಸಿ, 75 ದಾಟಬಾರದು. ಊರಿನ ಹೆಸರು ಎಷ್ಟೇ ಉದ್ದವಿದ್ದರೂ ಒಂದೇ ಪದ. ಅಂಕಿಯಲ್ಲಿ ಬರೆದ ಸಂಖ್ಯೆಯೂ ಅಷ್ಟೇ. ತಿದ್ದಿದ್ದಕ್ಕೆ ನಗರ ಕೌನ್ಸಿಲ್ ಒಪ್ಪಿಗೆ ಪಡೆದು, ಮತದಾನಕ್ಕೆ ಕನಿಷ್ಠ 88 ದಿನ ಮೊದಲು ಆ ಒಪ್ಪಿಗೆಯ ಠರಾವನ್ನು ಕೌಂಟಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಸಲ್ಲಿಸಿ.