ಎಚ್ಚರಿಕೆಗೆ ಕಳಿಸಿದರೆ ಯಾರಿಗೇನು ನಷ್ಟ?

ಹಾವೇರಿಯ ಓದುಗರೊಬ್ಬರ ಪತ್ರ: "ಕಲ್ಲಂಗಡಿಗೆ ಬಣ್ಣದ ಇಂಜೆಕ್ಷನ್ ಚುಚ್ಚುತ್ತಾರೆ ಅಂತ ಒಂದು ವಿಡಿಯೊ ಬಂತು. ಬೀಗರ ಗ್ರೂಪಿಗೂ ಓಣಿಯ ಗ್ರೂಪಿಗೂ ಕಳಿಸಿದೆ. ಸುಳ್ಳೇ ಇರಲಿ, ಎಚ್ಚರವಾಗಿದ್ದರೆ ಯಾರಿಗೇನು ನಷ್ಟ? ಮಗಳು ಬೈದಳು. ನಾನು ಮಾಡಿದ್ದು ತಪ್ಪೇ?"

ಉತ್ತರ: ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಷ್ಟ ಆಗುತ್ತದೆ, ಜಾಸ್ತಿಯೇ ಆಗುತ್ತದೆ.

2020ರ ಫೆಬ್ರವರಿ, ಮಾರ್ಚ್ ನೆನಪು ಮಾಡಿಕೊಳ್ಳಿ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಮೆಸೇಜು ಎಲ್ಲರ ಮೊಬೈಲಿಗೂ ಬಂದಿತ್ತು. ಅದಕ್ಕೆ ಯಾವ ಆಧಾರವೂ ಇರಲಿಲ್ಲ. ಹೈದರಾಬಾದಿನಲ್ಲಿ ತೆಲಂಗಾಣದ ಮಂತ್ರಿಗಳೇ ವೇದಿಕೆ ಮೇಲೆ ನಿಂತು ಚಿಕನ್ ತಿಂದು ತೋರಿಸಿದರು. ಆದರೂ ವ್ಯಾಪಾರ ಚೇತರಿಸಿಕೊಳ್ಳಲಿಲ್ಲ. ಮಂತ್ರಿ ಹೇಳಿದ್ದಕ್ಕಿಂತ ಅತ್ತಿಗೆ ಕಳಿಸಿದ್ದು ಮನಸ್ಸಿಗೆ ನಾಟುತ್ತದೆ, ಅಲ್ವಾ? ನಮ್ಮವರು ನಮಗೆ ಕೆಟ್ಟದ್ದು ಬಯಸುವುದಿಲ್ಲ ಎಂಬ ನಂಬಿಕೆ ಅದು.

ನಾವು ತಿನ್ನುವವರು ಒಂದು ತಿಂಗಳು ಸುಮ್ನೆ ಇರಬಹುದು. ಸಾಕುವವರಿಗೆ ಅದು ಆಗದು. ಬ್ರಾಯ್ಲರ್ ಕೋಳಿ ಸುಮಾರು 40-45 ದಿನಕ್ಕೆ ಎರಡು ಕೆ.ಜಿ. ತೂಗುತ್ತದೆ. ಆಮೇಲೆ ಅದು ಶೆಡ್ಡಿನಲ್ಲಿ ಉಳಿದ ಒಂದೊಂದು ದಿನವೂ ಮೇವಿನ ಖರ್ಚು ಮೈಮೇಲೆ ಬರುತ್ತದೆ. ಗೋಕಾಕದ ಕಡೆ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಗುಂಡಿಗೆ ಹಾಕಿ ಮುಚ್ಚಿದರು. ಆ ದೃಶ್ಯ ನಾನಿನ್ನೂ ಮರೆತಿಲ್ಲ.

ನಷ್ಟ ಅಲ್ಲಿಗೇ ನಿಲ್ಲಲಿಲ್ಲ. ಕೋಳಿ ಮೇವಿನಲ್ಲಿ ಹೆಚ್ಚಿನ ಪಾಲು ಮೆಕ್ಕೆಜೋಳ. ಕೋಳಿ ಕೇಳುವವರಿಲ್ಲದೆ ಮೆಕ್ಕೆಜೋಳವನ್ನೂ ಕೇಳುವವರಿಲ್ಲದಾಯಿತು. ಮೇಲೆ ಲಾಕ್‌ಡೌನ್ ಬೇರೆ ಬಂತು. ಕೊನೆಗೆ ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮೆಕ್ಕೆಜೋಳ ಬೆಳೆಗಾರರಿಗೆ ತಲಾ 5,000 ರೂಪಾಯಿ ಘೋಷಿಸಬೇಕಾಯಿತು. ಮೆಕ್ಕೆಜೋಳ ಬೆಳೆಯುವ ನಿಮ್ಮ ಹಾವೇರಿಯಲ್ಲಿ, ಒಂದು ಕೋಳಿಯನ್ನೂ ಸಾಕದವರು ಕೂಡ ಪೆಟ್ಟು ತಿಂದರು.

ತುಂಬ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಎಂದು ವಾಟ್ಸಾಪ್ 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಿತು. ಒಳ್ಳೆಯದೇ. ಆದರೆ ಬೀಗರ ಗ್ರೂಪು ಒಂದರಲ್ಲೇ ಎಷ್ಟು ಅಡುಗೆಮನೆಗಳಿವೆ, ನೀವೇ ಎಣಿಸಿ ನೋಡಿ.

ಕಲ್ಲಂಗಡಿಯೂ ಕೋಳಿಯ ಹಾಗೆಯೇ, ಹಣ್ಣಾದ ಮೇಲೆ ಹೊಲದಲ್ಲಿ ಕಾಯುವುದಿಲ್ಲ. ಅದರ ಕೆಂಪು ಲೈಕೋಪೀನ್ ಎಂಬ ಅಂಶದಿಂದ ತಾನಾಗಿಯೇ ಬರುತ್ತದೆ. ಯಾವುದಾದರೂ ಅಂಗಡಿಯ ಹಣ್ಣಿನ ಮೇಲೆ ನಿಜವಾಗಿ ಅನುಮಾನ ಬಂದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಈಗ ಮಾತ್ರ ಅದೇ ಎರಡು ಗ್ರೂಪಿಗೆ, "ಆ ವಿಡಿಯೊ ಎಲ್ಲಿಯದು ಅಂತ ನನಗೆ ಗೊತ್ತಿಲ್ಲ, ವಿಚಾರಿಸದೆ ಕಳಿಸಿದ್ದೆ" ಎಂದು ಇವತ್ತೇ ಬರೆದು ಹಾಕಿ. ನೀವು ಹೇಳಿದರೆ ಅವರು ನಂಬುತ್ತಾರೆ.