ಗೆದ್ದ ದಿನವೇ ಮನೆಯಲ್ಲಿ ಜಾಸ್ತಿ ಸಿಟ್ಟು

ಕಲಬುರಗಿಯಲ್ಲಿ ನಾನು ಆಪ್ತಸಲಹೆ ಕೊಡುವ ಸಣ್ಣ ಕೋಣೆಗೆ ಈಚೆಗೆ ಒಂದೇ ಥರದ ತೊಂದರೆ ಹೊತ್ತವರು ಮತ್ತೆ ಮತ್ತೆ ಬರುತ್ತಿದ್ದಾರೆ. ಕುಡಿತ ಇಲ್ಲ, ಸಾಲ ಇಲ್ಲ, ಮನೆಯಲ್ಲಿ ದೊಡ್ಡ ಕೊರತೆ ಇಲ್ಲ. ನಿದ್ದೆ ಮಾತ್ರ ಬರುವುದಿಲ್ಲ. ಕೇಳುತ್ತಾ ಹೋದರೆ ಫೋನಿನಲ್ಲಿ ನಡೆದ ಯಾವುದೋ ವಾದ ಹೊರಗೆ ಬರುತ್ತದೆ. ಎಲೆಕ್ಟ್ರಿಕ್ ಗಾಡಿ ನಿಜಕ್ಕೂ ಒಳ್ಳೆಯದಾ? ಕಾರ್ಖಾನೆ ಬೇಕಾ ಬೇಡವಾ? ಊರು ಹಾಳಾದರೆ ಯಾರು ಹೊಣೆ? ಇವು ಸುಳ್ಳು ಪ್ರಶ್ನೆಗಳಲ್ಲ. ಅದಕ್ಕೇ ಇಂಥವರನ್ನು ನಾನು ಹಗುರವಾಗಿ ನೋಡುವುದಿಲ್ಲ.

ಅವರಲ್ಲಿ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಒಪ್ಪಿಗೆ ಕೇಳಿದ್ದೇನೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಮಾಸ್ತರು ಅಂತ ಕರೆಯೋಣ. ಸೇಡಂ ಕಡೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, 40ರ ಹತ್ತಿರದ ವಯಸ್ಸು. ಸೇಡಂ, ಮಳಖೇಡ, ವಾಡಿ ನೋಡಿದವರಿಗೆ ಗೊತ್ತು, ಅಲ್ಲಿ ನೆಲದ ಮೇಲೆ ತೊಗರಿ, ಕೆಳಗೆ ಸುಣ್ಣದಕಲ್ಲು. ಕಲ್ಲಿದೆ ಅಂತ ಸಿಮೆಂಟ್ ಕಾರ್ಖಾನೆಗಳು ಬಂದವು. ಈಗ ಸಾಲು ಮನೆಗಳಲ್ಲಿ ಯಾರಾದರೊಬ್ಬರು ಕಾರ್ಖಾನೆಗೋ ಗಣಿಗೋ ಲಾರಿಗೋ ಹೋಗುವವರೇ. ಮಾಸ್ತರ ಅಕ್ಕನ ಗಂಡ ಲಾರಿ ಓಡಿಸುತ್ತಾರೆ.

ಯುಗಾದಿಗೆ ಮಾಸ್ತರು ಎಲೆಕ್ಟ್ರಿಕ್ ಸ್ಕೂಟರ್ ತಂದರು. ಹೂವಿನ ಹಾರ ಹಾಕಿದ ಫೋಟೊವನ್ನು ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಹಾಕಿ, "ಇನ್ಮುಂದ ನಮ್ಮನ್ಯಾಗ ಹೊಗಿ ಇಲ್ಲ" ಅಂತ ಬರೆದರು. ಅಕ್ಕನ ಗಂಡ ಕೆಳಗೆ ಒಂದು ಸಾಲು ಬರೆದರು: "ಹೊಗಿ ಇಲ್ಲ ಅಂತಿಲ್ಲ, ಅದು ಶಕ್ತಿನಗರದಾಗ ಬರ್ತದ."

ರಾಯಚೂರು ಹತ್ತಿರದ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಾರೆ. ಅಷ್ಟೇ ಸಾಕಾಯಿತು. ರಾತ್ರಿ ಹನ್ನೊಂದೂವರೆಗೆ ಮಾಸ್ತರು ಮೂರು ಪುಟದಷ್ಟು ಉದ್ದದ ಉತ್ತರ ಬರೆದರು. ನಾನು ಅದನ್ನು ಓದಿದ್ದೇನೆ. ಅದರಲ್ಲಿರುವ ವಿಜ್ಞಾನದಲ್ಲಿ ತಪ್ಪಿಲ್ಲ. ಪೆಟ್ರೋಲ್ ಇಂಜಿನ್‌ನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಶಕ್ತಿ ಬಿಸಿಯಾಗಿ ಹೋಗುತ್ತದೆ, ಎಲೆಕ್ಟ್ರಿಕ್ ಮೋಟರ್‌ನಲ್ಲಿ ಹಾಗಾಗುವುದಿಲ್ಲ. ನಮ್ಮ ರಾಜ್ಯದ ಕರೆಂಟೆಲ್ಲ ಕಲ್ಲಿದ್ದಲಿನದಲ್ಲ, ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವಾಟ್‌ನದು. ಇದನ್ನೆಲ್ಲ ಚೆನ್ನಾಗಿ ಬರೆದಿದ್ದರು. ಕೊನೆಗೆ ಈ ಸಾಲು: "ಹೊಗೆಯಿಂದಲೇ ಅನ್ನ ತಿನ್ನುವವರಿಗೆ ಪರಿಸರದ ಬಗ್ಗೆ ಮಾತನಾಡುವ ನೈತಿಕ ಹಕ್ಕಿಲ್ಲ."

ಗ್ರೂಪಿನಲ್ಲಿದ್ದವರೆಲ್ಲ ಬಂಧುಗಳೇ, ಎಲ್ಲರೂ ಓದಿದರು. ಕೆಲವರು ಹೆಬ್ಬೆರಳು ಎತ್ತಿದರು. ಅಕ್ಕನ ಗಂಡ ಏನೂ ಬರೆಯಲಿಲ್ಲ. ಎರಡು ದಿನ ಬಿಟ್ಟು ಗ್ರೂಪಿನಿಂದ ಹೊರಗೆ ಹೋದರು. ಶ್ರಾವಣ ಬಂತು. ಪಂಚಮಿಗೆ ಅಕ್ಕ ತವರಿಗೆ ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳು ಬರಲಿಲ್ಲ ಅಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಮಾಸ್ತರ ತಾಯಿ ಅಳ್ಳು ಹುರಿಯಲಿಲ್ಲವಂತೆ, ಉಂಡಿ ಕಟ್ಟಲಿಲ್ಲವಂತೆ. ಅದಾದ ಮೇಲೆ ಹೆಂಡತಿ ಅವರನ್ನು ನನ್ನ ಬಳಿ ಕರೆದುಕೊಂಡು ಬಂದರು.

ಮೊದಲ ಎರಡು ಭೇಟಿಯಲ್ಲಿ ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಫೋನನ್ನು ಮಲಗುವ ಕೋಣೆಯ ಹೊರಗಿಡಿ, ಹೊತ್ತಿಗೆ ಸರಿಯಾಗಿ ಮಲಗಿ, ಸಂಜೆ ಮೇಲೆ ಚಹಾ ಬೇಡ. ಅದರಿಂದ ಉಪಯೋಗ ಆಗಲಿಲ್ಲ. ಫೋನ್ ಹೊರಗಿದ್ದರೂ ಅವರು ಕತ್ತಲಲ್ಲಿ ಮಲಗಿಕೊಂಡು ತಲೆಯೊಳಗೇ ಉತ್ತರ ಬರೆಯುತ್ತಿದ್ದರು.

ಮೂರನೇ ಭೇಟಿಗೆ ಹೆಂಡತಿಯನ್ನೂ ಒಳಗೆ ಕೂರಿಸಿಕೊಂಡೆ. ಅವರು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

"ಮೇಡಂ, ಇವರು ವಾದದಾಗ ಸೋತ ದಿನ ಸುಮ್ನ ಮಲಗ್ತಾರ್ರಿ. ಗೆದ್ದ ದಿನಾನೇ ನಮಗ ತ್ರಾಸ."

ಮಾಸ್ತರು ಕೂಡಲೇ "ಹಂಗೇನಿಲ್ಲ" ಅಂದರು. ಹೆಂಡತಿ ಬಿಡಲಿಲ್ಲ. ಒಂದು ದಿನ ಪ್ಲಾಸ್ಟಿಕ್ ಬಗ್ಗೆ ಯಾರನ್ನೋ ಬಾಯಿ ಮುಚ್ಚಿಸಿದ್ದರಂತೆ. ಹತ್ತಾರು ಮಂದಿ "ಛಲೋ ಬರದೀರಿ ಸರ್" ಅಂದಿದ್ದರಂತೆ. ಅದೇ ರಾತ್ರಿ ಸಣ್ಣ ಮಗ ಬಿಸ್ಕೆಟ್ ಪಾಕೀಟು ಅಂಗಳಕ್ಕೆ ಎಸೆದ. ಅವನನ್ನು ಅರ್ಧ ತಾಸು ನಿಲ್ಲಿಸಿ ಬೈದರು. "ಹುಡುಗ ನಿಂತಲ್ಲೇ ಉಚ್ಚಿ ಹೊಯ್ಕೊಂಡ್ರಿ" ಅಂದರು ಆ ತಾಯಿ. ಮಾಸ್ತರು ತಲೆ ತಗ್ಗಿಸಿದರು.

ನಾನು ಕೇಳಿದೆ: "ಗೆದ್ದ ಮ್ಯಾಲ ಏನಾಗ್ತದ್ರಿ ಸರ್?"

"ಏನೂ ಆಗಂಗಿಲ್ರಿ ಮೇಡಂ. ಮುಂಜಾನಿ ಎದ್ದು ಮಾಳಿಗಿ ಮ್ಯಾಲ ಹೋದ್ರ ಧೂಳ ಹಂಗೇ ಇರ್ತದ."

ಆ ಧೂಳಿನ ಬಗ್ಗೆ ಅವರು ಆಮೇಲೆ ತುಂಬ ಹೊತ್ತು ಮಾತನಾಡಿದರು. ತುಳಸಿ ಎಲೆಯ ಮೇಲೆ ಬೆರಳು ಎಳೆದರೆ ಗೆರೆ ಮೂಡುತ್ತದೆ. ಸಂಡಿಗೆ ಒಣಹಾಕಿದರೆ ಮೇಲೆ ಬಟ್ಟೆ ಮುಚ್ಚಬೇಕು, ಸಂಜೆಗೆ ಆ ಬಟ್ಟೆ ಬೂದು ಬಣ್ಣ. ಇದಕ್ಕೆ ಯಾರಾದರೂ ಉತ್ತರ ಕೊಡಬೇಕು ಅಂತ ಅವರಿಗೆ ಎಷ್ಟೋ ವರ್ಷದಿಂದ ಸಂಕಟ. ಕೊಡಬೇಕಾದವರು ಕೈಗೆ ಸಿಗುವುದಿಲ್ಲ. ಕೈಗೆ ಸಿಗುವವರು ಗ್ರೂಪಿನಲ್ಲಿರುವ ಅಕ್ಕನ ಗಂಡ, ಹಳೆಯ ಗೆಳೆಯ, ಸಣ್ಣ ಮಗ. ಕಟ್ಟೆಯ ಮೇಲಿನ ಜಗಳವಾದರೆ ಯಾರಾದರೊಬ್ಬರು "ಆಯ್ತು ಬಿಡ್ರಿ, ಚಾ ಕುಡೀರಿ" ಅಂತಾರೆ, ಅಲ್ಲಿಗೆ ಮುಗಿಯುತ್ತದೆ. ಫೋನಿನಲ್ಲಿ ಆ ಚಹಾ ಬರುವುದೇ ಇಲ್ಲ. ಗೆದ್ದವರು ಆ ಕಾವನ್ನು ಹೊತ್ತುಕೊಂಡೇ ಮನೆಯೊಳಗೆ ತಿರುಗಾಡುತ್ತಾರೆ.

ಆಗ ನಾನೊಂದು ಕೆಲಸ ಮಾಡಿದೆ. ಅಕ್ಕನ ಗಂಡನನ್ನು ಮಾಸ್ತರು ಮಾಮಾ ಅಂತ ಕರೆಯುತ್ತಾರೆ. ಖಾಲಿ ಕುರ್ಚಿಯನ್ನು ಎದುರಿಗಿಟ್ಟು, "ಇಲ್ಲಿ ನಿಮ್ಮ ಮಾಮಾ ಕುಂತಾರ ಅನ್ಕೋರಿ. ನೀವು ಬರೆದದ್ದನ್ನ ಅವರಿಗೆ ಹೇಳ್ರಿ. ಪುಸ್ತಕದ ಭಾಷೆ ಬ್ಯಾಡ, ಮನಿ ಮಾತಿನ್ಯಾಗ ಹೇಳ್ರಿ" ಅಂದೆ.

ಶುರು ಮಾಡಿದರು. "ಮಾಮಾ, ಪೆಟ್ರೋಲ್ ಗಾಡ್ಯಾಗ ಮುಕ್ಕಾಲು ಶಕ್ತಿ ಬರೇ ಬಿಸಿ ಆಗಿ ಹೋಗ್ತದ ನೋಡ್ರಿ." ಸಲೀಸಾಗಿ ಬಂತು. "ಹಗಲ ಹೊತ್ತಿನ್ಯಾಗ ಬಿಸಲಿನ ಕರೆಂಟೂ ಇರ್ತದ್ರಿ ಮಾಮಾ." ಅದೂ ಬಂತು. ಪಾಠ ಮಾಡುವಾಗಿನ ಉತ್ಸಾಹ ಮುಖದಲ್ಲಿತ್ತು. ಕೊನೆಯ ಸಾಲಿಗೆ ಬಂದರು. "ಮಾಮಾ, ನೀವು ಹೊಗಿ..." ನಿಂತರು. ಮತ್ತೆ ಶುರು ಮಾಡಿದರು, ಮತ್ತೆ ಅಲ್ಲೇ ನಿಂತರು. ಕನ್ನಡಕ ತೆಗೆದು ಒರೆಸಿಕೊಂಡರು.

"ಇದನ್ನ ನಮ್ಮ ಮಾತಿನ್ಯಾಗ ಹೇಳ್ಲಿಕ್ಕ ಬರಂಗಿಲ್ರಿ ಮೇಡಂ."

ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಪಾಠಗಳಲ್ಲಿ ಇದೂ ಒಂದು. ಈಗ ಇಂಥ ವಾದ ಹೊತ್ತು ಬರುವ ಎಲ್ಲರಿಗೂ ಹೇಳುತ್ತೇನೆ: ಕಳಿಸುವ ಮುಂಚೆ ಒಂದು ಸಲ ಜೋರಾಗಿ ಓದಿ. ಮನೆಯ ಮಾತಿಗೆ ತನ್ನಿ. ಎದುರಿನವರನ್ನು ಯಾವ ಹೆಸರಿನಿಂದ ಕರೆಯುತ್ತೀರೋ, ಮಾಮಾ, ಕಾಕಾ, ವೈನಿ, ಅದನ್ನು ಮುಂದೆ ಇಡಿ. ನಾಲಿಗೆ ಎಲ್ಲಿ ನಿಲ್ಲುತ್ತದೋ ಆ ಸಾಲು ತೆಗೆಯಿರಿ. ಉಳಿದದ್ದನ್ನು ಧೈರ್ಯವಾಗಿ ಕಳಿಸಿ. ನಿಜವಾದ ವಿಷಯಕ್ಕೆ ನಾಲಿಗೆ ತೊದಲುವುದಿಲ್ಲ. ಒಬ್ಬರ ಅನ್ನಕ್ಕೆ ಕೈ ಹಾಕುವ ಮಾತಿಗೆ ತೊದಲುತ್ತದೆ.

ಹೊರಡುವ ಹೊತ್ತಿಗೆ ಸಹಜವಾಗಿ ಕೇಳಿದೆ. "ನಿಮ್ಮ ಮಾಮಾ ಲಾರ್ಯಾಗ ಏನ್ ಹೇರ್ತಾರ್ರಿ?"

"ಸಿಮೆಂಟ್ ಇರಬೇಕ್ರಿ."

ಹೆಂಡತಿ ಮೆಲ್ಲಗೆ ಅಂದರು, "ಸಿಮೆಂಟ್ ಅಲ್ರಿ. ಬೂದಿ. ಶಕ್ತಿನಗರದ ಬೂದಿ. ವೈನಿ ಯಾವಾಗ್ಲೂ ಹೇಳ್ತಿರ್ತಾರ, ಅರಿಬಿ ಒಗದು ಸಾಕಾಗ್ಯದ ಅಂತ."

ಮಾಸ್ತರು ಅಲ್ಲಾಡದೆ ಕೂತರು. ಯಾಕೆ ಅಂತ ನನಗೆ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. ಸಿಮೆಂಟಿನ ತೊಂದರೆ ಬರೀ ಕಲ್ಲಿದ್ದಲಿನದಲ್ಲ, ಕಲ್ಲಿನಲ್ಲೇ ಇದೆ. ಶುದ್ಧ ಸುಣ್ಣದಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿಯುತ್ತದೆ, 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಬೆಂಕಿ ಯಾವುದರದ್ದಾದರೂ ಅದು ತಪ್ಪುವುದಿಲ್ಲ. ಆಮೇಲೆ ಸುಮಾರು 1,450 ಡಿಗ್ರಿಯಲ್ಲಿ ಕಾಯಿಸಿದಾಗ ಕ್ಲಿಂಕರ್ ಆಗುತ್ತದೆ, ಅಂದರೆ ಅರೆದು ಸಿಮೆಂಟ್ ಮಾಡುವ ಗಟ್ಟಿ ಉಂಡೆಗಳು. ಆ ಕ್ಲಿಂಕರ್ ಕಡಿಮೆ ಮಾಡುವ ಒಂದು ದಾರಿ ಅಂದರೆ ಅದರ ಜೊತೆ ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟಾಗ ಉಳಿಯುವ ಸಣ್ಣ ಬೂದಿ, ಬೆರೆಸುವುದು. ಹೀಗೆ ಬೂದಿ ಬೆರೆಸಿದ, ಪಿಪಿಸಿ ಅನ್ನುವ ಸಿಮೆಂಟಿನಲ್ಲಿ ಶೇಕಡಾ 15ರಿಂದ 35ರವರೆಗೆ ಬೂದಿ ಇರಬಹುದು. ಅಷ್ಟು ಕಲ್ಲು ಸುಡುವುದು ತಪ್ಪುತ್ತದೆ.

"ಇದನ್ನ ಮಕ್ಕಳಿಗೆ ಬೋರ್ಡ್ ಮ್ಯಾಲ ಬರದು ಹೇಳ್ತೀನ್ರಿ" ಅಂದರು. "ನಮ್ಮ ಮಾಮಾ ಅದನ್ನೇ ಹೇರ್ತಾನ ಅಂತ ಗೊತ್ತಿರಲಿಲ್ಲ. ನಾ ಕೇಳೇ ಇಲ್ಲ."

ಬೂದಿ ಬಳಸಿದ ಮಾತ್ರಕ್ಕೆ ಕಲ್ಲಿದ್ದಲು ಸುಡುವುದು ಒಳ್ಳೆಯದಾಗುವುದಿಲ್ಲ. ಮಾಸ್ತರಿಗೂ ಅದು ಗೊತ್ತು. ನನಗೆ ತಟ್ಟಿದ್ದು ಬೇರೆ. "ಅದು ಶಕ್ತಿನಗರದಾಗ ಬರ್ತದ" ಅಂತ ಆ ಮನುಷ್ಯ ಬರೆದದ್ದು ಕೆಣಕಲಿಕ್ಕೆ ಅಂತ ಎಲ್ಲರೂ ತಿಳಿದಿದ್ದರು. ಶಕ್ತಿನಗರದ ಸ್ಥಾವರ 1985ರಿಂದ ಕರೆಂಟ್ ಕೊಡುತ್ತಿದೆ, ಅದರ ಸಾಮರ್ಥ್ಯ 1,720 ಮೆಗಾವಾಟ್. ಅದರ ಚಿಮಣಿಗಳ ಕೆಳಗೆ ವಾರವಾರ ಲಾರಿ ನಿಲ್ಲಿಸುವವರು ತಾವು ಕಂಡದ್ದನ್ನು ಹೇಳಿದ್ದರು. ಇಡೀ ವಾದದಲ್ಲಿ ಕಣ್ಣಾರೆ ಕಂಡು ಮಾತನಾಡಿದವರು ಅವರೊಬ್ಬರೇ.

ನಾನು ಕೊಟ್ಟ ಸಲಹೆ ಇದು. ಅವಮಾನ ಆದದ್ದು ಎಲ್ಲರ ಎದುರಿಗೆ, ಹಾಗಾಗಿ ತಪ್ಪಾಯಿತು ಅನ್ನುವುದನ್ನೂ ಅದೇ ಗ್ರೂಪಿನಲ್ಲಿ ಬರೆಯಿರಿ. ಒಂದೇ ಸಾಲು ಸಾಕು, ಅದರಲ್ಲಿ "ಆದರೆ" ಅನ್ನುವ ಪದ ಬರಕೂಡದು. ಆಮೇಲೆ ಅವರ ಮನೆಗೆ ಹೋಗಿ, ಲಾರಿಯ ಬಗ್ಗೆ ಕೇಳಿ. ಸ್ಕೂಟರಿನ ವಿಷಯ ಅವರಾಗಿ ಎತ್ತುವವರೆಗೆ ಎತ್ತಬೇಡಿ. ವಿಜ್ಞಾನದ ಒಂದು ಸಾಲನ್ನೂ ಹಿಂದೆ ತೆಗೆದುಕೊಳ್ಳುವುದು ಬೇಡ.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. "ಗ್ರೂಪ್ ಬಿಡಿಸು, ಇಂಥ ವಿಷಯವೇ ಬೇಡ ಅಂತ ಹೇಳು, ನಿದ್ದೆ ತಾನೇ ಬರುತ್ತೆ" ಅಂದರು. ಕೆಲವರಿಗೆ ಆ ಸಲಹೆ ಸರಿ ಇರಬಹುದು. ಮಾಸ್ತರಿಗೆ ಅದನ್ನು ಹೇಳಲು ನನ್ನ ಮನಸ್ಸು ಒಪ್ಪಲಿಲ್ಲ. ತುಳಸಿ ಎಲೆಯ ಮೇಲಿನ ಧೂಳು ಅವರ ಭ್ರಮೆಯಲ್ಲ. ಊರಿನ ಗಾಳಿ, ನೀರಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಕೆಲವೇ ಕೆಲವರಿಗೂ ಸುಮ್ನಿರಿ ಅಂತ ಹೇಳಿ ಕಳಿಸಿದರೆ, ನಾನು ಒಬ್ಬರ ನಿದ್ದೆಗಾಗಿ ಊರಿನ ಬಾಯಿ ಮುಚ್ಚಿಸಿದ ಹಾಗೆ. ಆಪ್ತಸಲಹೆ ಅಂದರೆ ಮನುಷ್ಯನನ್ನು ತಣ್ಣಗೆ ಮಾಡುವುದು ಮಾತ್ರ ಅಂತ ನಾನು ನಂಬುವುದಿಲ್ಲ.

ಅದಕ್ಕೇ ಇನ್ನೊಂದು ಮಾತೂ ಹೇಳಿದೆ. ಹೊಸ ಸಿಮೆಂಟ್ ಕಾರ್ಖಾನೆಗೂ ದೊಡ್ಡ ವಿಸ್ತರಣೆಗೂ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಆಗಲೇಬೇಕು. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಅದಿದೆ. ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಕಾರ್ಖಾನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಹಿರಿಯ ಅಧಿಕಾರಿ ಎದುರು ಕೂತು ಕೇಳಬೇಕು, ಹೇಳಿದ್ದು ದಾಖಲಾಗಬೇಕು. ಬರಹದಲ್ಲೂ ಆಕ್ಷೇಪ ಕೊಡಬಹುದು. ಹದಿನೈದು ವರ್ಷ ವಿಜ್ಞಾನ ಕಲಿಸಿದ ಮಾಸ್ತರು ಅಂಥ ಒಂದು ಸಭೆಗೂ ಹೋಗಿರಲಿಲ್ಲ. ರಾತ್ರಿ ಹನ್ನೊಂದೂವರೆಯ ಮೂರು ಪುಟದಲ್ಲಿ ಎರಡೂವರೆ ಪುಟ ಅಲ್ಲಿಗೆ ಸಲ್ಲಬೇಕಾದದ್ದು.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ವಾದದ ಬಗ್ಗೆ ಆಮೇಲೆ ಯೋಚಿಸೋಣ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಮಾಸ್ತರು ಗ್ರೂಪಿನಲ್ಲಿ ಬರೆದರು: "ಮಾಮಾನ ದುಡಿಮೆ ಬಗ್ಗೆ ನಾ ಆಡಿದ ಮಾತು ತಪ್ಪು." ಮಾಮಾ ಗ್ರೂಪಿನಲ್ಲಿ ಇರಲಿಲ್ಲ, ಅಕ್ಕ ತೋರಿಸಿರಬೇಕು. ಒಂದು ತಿಂಗಳು ಆ ಕಡೆಯಿಂದ ಏನೂ ಬರಲಿಲ್ಲ. ಮನೆಗೆ ಹೋದಾಗ ಅಕ್ಕ ರೊಟ್ಟಿ ಬಡಿಸಿದರು, ಮಾಮಾ ಹೊರಗೆ ಹೋಗಿಬಿಟ್ಟಿದ್ದರು. ಎರಡನೇ ಸಲವೂ ಹಾಗೇ. ಮಾಸ್ತರು ಸೋತ ಮುಖದಿಂದ ನನ್ನ ಹತ್ತಿರ ಬಂದು ಕೂತರು. ನನ್ನ ಸಲಹೆ ಕೆಲಸ ಮಾಡಲಿಲ್ಲವೇನೋ ಅಂತ ನಾನೂ ಹೆದರಿದ್ದೆ. ಆಮೇಲೆ ಒಂದು ರಾತ್ರಿ ಮಾಮಾನ ಫೋನ್ ಬಂತು. "ನಾಳಿ ಲೋಡ್ ಅದ. ಬರ್ತೀದ್ರ ಬಾ."

ಹೋದರು. ಕೃಷ್ಣಾ ನದಿ ದಾಟಿ, ಸ್ಥಾವರದ ಹೊರಗೆ ಲಾರಿಗಳ ಸಾಲಿನಲ್ಲಿ ಏಳು ತಾಸು ಕಾದರು. ಮಾಮಾ ಕೈಮೇಲೆ ಒಂದು ಚಿಟಿಕೆ ಬೂದಿ ಹಾಕಿ ತೋರಿಸಿದರಂತೆ, ಗೋದಿ ಹಿಟ್ಟಿಗಿಂತ ಸಣ್ಣದು. ಇಳಿಸುವಾಗ ಟ್ಯಾಂಕಿಗೆ ಗಾಳಿ ತುಂಬುತ್ತಾರೆ, ಆಗ ಬೂದಿ ಪೈಪಿನಲ್ಲಿ ನೀರಿನ ಹಾಗೆ ಹರಿಯುತ್ತದೆ. ಮಾಸ್ತರು ಅದನ್ನು ವಿವರಿಸುವಾಗ ಕೈ ಮುಂದೆ ಚಾಚಿಯೇ ಇದ್ದರು, ಬೂದಿ ಇನ್ನೂ ಅಲ್ಲೇ ಇದೆಯೇನೋ ಅನ್ನುವ ಹಾಗೆ. ಕಾಯುವ ಹೊತ್ತಿನಲ್ಲಿ ಇಬ್ಬರೂ ಮತ್ತೆ ಸ್ಕೂಟರಿನ ಬಗ್ಗೆ ವಾದ ಮಾಡಿದರಂತೆ. ಯಾರೂ ಒಪ್ಪಲಿಲ್ಲ. ಮಧ್ಯದಲ್ಲಿ ಎರಡು ಸಲ ಚಹಾ ಆಯಿತು.

ಪಂಚಮಿಗೆ ಇನ್ನು ಹದಿನೈದು ದಿನ ಇದೆ. ಅಕ್ಕನನ್ನು ಕರೆಯಲು ಈ ಸಲ ಮಾಸ್ತರೇ ಹೋಗುತ್ತಾರೆ, ಸ್ಕೂಟರ್ ಮೇಲೆ. ಹೋಗಿ ಬರಲು ಚಾರ್ಜ್ ಸಾಲುತ್ತಾ ಅಂತ ಹೆಂಡತಿಗೆ ಚಿಂತೆ. "ಮಾಮಾನ ಮನ್ಯಾಗ ಹಾಕ್ಕೊಂಡು ಬರ್ತೀನಿ" ಅಂದಿದ್ದಾರೆ.